ಹಳ್ಳ ಸ್ವಚ್ಛ ಮಾಡಿದ ಮೇಲೆ ಮರಿ ಮೀನೇ ಕಾಣ್ತಿಲ್ಲ, ಸಾಲ್ಮನ್ ಹಳ್ಳಗಳಲ್ಲಿ ಮಾಡುವ ಕೆಲಸ ನಮ್ಮಲ್ಲಿ ಆಗುತ್ತಾ?

ಕಾಗಿಣಾದಂಡೆ (ಸೇಡಂ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮೂರ ಹಿಂದೆ ಒಂದು ಹಳ್ಳ ಇದೆ. ಎರಡು ಮೂರು ಊರು ದಾಟಿ ಕಾಗಿಣಾ ನದಿಗೆ ಸೇರುತ್ತೆ. ಮಳೆಗಾಲದಲ್ಲಿ ತುಂಬಿ ಹರಿಯುತ್ತೆ, ಸಂಕ್ರಾಂತಿ ಹೊತ್ತಿಗೆ ಹರಿವು ನಿಲ್ಲುತ್ತೆ, ಆಮೇಲೆ ಮಡುಗಳಲ್ಲಿ ಮಾತ್ರ ನೀರು. ಮೊದಲು ಒಂಬತ್ತೋ ಹತ್ತೋ ಮಡು ಇದ್ದವು. ಒಂದೊಂದಕ್ಕೂ ಹೆಸರಿತ್ತು. ಹೊಂಗೆ ಮಡು, ಎಮ್ಮೆ ಮಡು, ಅಗಸರ ಮಡು ಹೀಗೆ.

ಮೂರು ವರ್ಷದ ಹಿಂದೆ ಹೂಳು ತೆಗೀತೀವಿ, ಹೊಲಕ್ಕೆ ನೀರು ನುಗ್ಗೋದು ತಪ್ಪುತ್ತೆ ಅಂತ ಜೆಸಿಬಿ ಬಂತು. ನಾವೇ ಖುಷಿಯಿಂದ ಒಪ್ಪಿದೆವು. 2020ರ ಅಕ್ಟೋಬರ್ ನೆರೆ ಯಾರಿಗೂ ಮರೆತಿರಲಿಲ್ಲ. ಕೆಲಸ ಮಾಡಿಸಿದವರು ಹೂಳು ಮಾತ್ರ ತೆಗೆಯಲಿಲ್ಲ. ಎರಡು ತಿರುವು ಕಡಿದು ಹಳ್ಳ ನೇರ ಮಾಡಿದರು, ದಂಡೆ ಮೇಲಿನ ಹೊಂಗೆ, ಅತ್ತಿ, ಲಕ್ಕಿ ಪೊದೆ ಎಲ್ಲ ಕಿತ್ತರು, ನೀರಿಗೆ ಬಾಗಿದ್ದ ದೊಡ್ಡ ಬೇರುಗಳನ್ನು ಕೊರೆದು ತೆಗೆದರು. ಈಗ ನೋಡಿದರೆ ಕಾಲುವೆ ಥರ ಇದೆ. ಮಳೆ ಬಂದ ದಿನ ಭರ್ ಅಂತ ಹೋಗುತ್ತೆ, ಎರಡನೇ ದಿನಕ್ಕೆ ಮೊಣಕಾಲು ನೀರು. ಕರಿಮಣ್ಣಿನ ದಂಡೆ ಪ್ರತಿ ವರ್ಷ ಕುಸಿದು ಬೀಳ್ತಿದೆ. ಮಡು ಅಂತ ಹೇಳೋಕೆ ಉಳಿದಿರೋದು ಎರಡೇ.

ನನಗೆ ಜಾಸ್ತಿ ಹೊಟ್ಟೆ ಉರಿಯೋದು ಮೀನಿನ ವಿಷಯಕ್ಕೆ. ಮೊದಲು ಮಳೆಗಾಲದಲ್ಲಿ ದಂಡೆ ಮೇಲೆ ಸುಮ್ನೆ ಕೂತರೆ ಸಾಕು, ಕೊರಮೀನಿನ ಮರಿಗಳು ಕೆಂಪಗೆ ಒಂದು ಹಿಂಡಾಗಿ ಮೇಲೆ ಬಂದು ಬಾಯಿ ತೆರೆದು ಒಳಗೆ ಹೋಗೋವು. ದೂರದಿಂದ ನೋಡಿದರೆ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ. ಕೆಳಗೆ ತಾಯಿ ಕಪ್ಪಗೆ ನೆರಳಿನಂತೆ ಸುತ್ತುತ್ತಿತ್ತು. ಮೂರು ವರ್ಷದಿಂದ ಒಂದು ಹಿಂಡೂ ಕಂಡಿಲ್ಲ. ನನ್ನ ಅಕ್ಕನ ಮಗನಿಗೆ ತೋರಿಸ್ತೀನಿ ಅಂತ ಹೇಳಿ ಎರಡು ಸಲ ಕರ್ಕೊಂಡು ಹೋಗಿ ಬರಿಗೈಲಿ ಬಂದೆ.

ಮೊನ್ನೆ ಒಂದು ವಿಡಿಯೊ ನೋಡಿದೆ. ಅಮೆರಿಕದಲ್ಲಿ ಸಾಲ್ಮನ್ ಅನ್ನೋ ಮೀನಿನ ಮರಿಗಳು ಬದುಕಲಿ ಅಂತ ಹೆಲಿಕಾಪ್ಟರಿನಲ್ಲಿ ಮರದ ದಿಮ್ಮಿ ತಂದು ಹಳ್ಳಕ್ಕೆ ಇಳಿಸ್ತಾರೆ! ನಾವು ದುಡ್ಡು ಕೊಟ್ಟು ತೆಗೆಸಿದ್ದನ್ನು ಅವರು ದುಡ್ಡು ಕೊಟ್ಟು ಹಾಕಿಸ್ತಿದ್ದಾರೆ. ಇದರ ಬಗ್ಗೆ ಗೊತ್ತಿರೋರು ಹೇಳಿ. ಅದು ನಿಜವಾಗಿ ಕೆಲಸ ಮಾಡುತ್ತಾ? ಸಾಲ್ಮನ್‌ಗೆ ಮಾಡಿದ್ದು ನಮ್ಮ ಕೊರಮೀನಿಗೆ, ಬಾಳೆ ಮೀನಿಗೆ ಆಗುತ್ತಾ? ನಾವು ಆರೇಳು ಜನ ಇದ್ದೀವಿ, ಕೈಯಲ್ಲಿ ದುಡ್ಡಿಲ್ಲ, ಆದರೆ ಭಾನುವಾರ ಭಾನುವಾರ ಮೈ ಬಗ್ಗಿಸಿ ಕೆಲಸ ಮಾಡೋಕೆ ತಯಾರಿದ್ದೀವಿ.


ಬೀದರಿನಿಂದ_ದೂರ

ಅಣ್ಣಾ, ನಿಮ್ಮ ಬರಹ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಬೀದರಿನವನು, ಈಗ ಹತ್ತು ವರ್ಷದಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದೇನೆ. ರಜೆ ದಿನಗಳಲ್ಲಿ ಇಲ್ಲಿಯ ಜನರ ಜೊತೆ ಹಳ್ಳದ ದಂಡೆಗೆ ಗಿಡ ನೆಡಲು ಹೋಗುತ್ತೇನೆ. ನಾನು ಮೀನಿನ ಶಾಸ್ತ್ರ ಓದಿದವನಲ್ಲ, ಆದರೆ ಕೆಸರಲ್ಲಿ ನಿಂತು ಕಲಿತದ್ದು ಹೇಳಬಲ್ಲೆ.

ಮೊದಲು ಸಾಲ್ಮನ್ ಕಥೆ. ತಾಯಿ ಮೀನು ಸಮುದ್ರದಿಂದ ತಾನು ಹುಟ್ಟಿದ ಹಳ್ಳಕ್ಕೇ ವಾಪಸ್ ಬಂದು ಬಾಲದಿಂದ ಗರಸು ಕೆದರಿ ಗುಂಡಿ ಮಾಡಿ ಮೊಟ್ಟೆ ಇಡುತ್ತೆ. ಮೊಟ್ಟೆ ಕಡಲೆ ಕಾಳಿನಷ್ಟು ದಪ್ಪ, ಕಿತ್ತಳೆ ಬಣ್ಣ. ಗರಸಿನ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮೊಟ್ಟೆಗೆ ಉಸಿರು. ಮೇಲಿನಿಂದ ನುಣ್ಣನೆ ಮಣ್ಣು ಬಂದು ಸಂದಿ ಮುಚ್ಚಿದರೆ ಒಳಗೇ ಸಾಯುತ್ತೆ. ಕೋಹೊ ಅನ್ನೋ ಜಾತಿಯ ಮರಿ ಹೊರಗೆ ಬಂದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಹಳ್ಳದಲ್ಲೇ ಇದ್ದು ಆಮೇಲೆ ಸಮುದ್ರಕ್ಕೆ ಹೋಗುತ್ತೆ. ಅಂದರೆ ಒಂದು ಬೇಸಿಗೆ, ಒಂದು ಚಳಿಗಾಲ ಅದು ಅಲ್ಲೇ ಬದುಕಬೇಕು. ಪಿಂಕ್, ಚಮ್ ಅನ್ನೋ ಜಾತಿಗಳು ಹಾಗಲ್ಲ, ಹುಟ್ಟಿದ ಸ್ವಲ್ಪ ದಿನಕ್ಕೇ ಸಮುದ್ರಕ್ಕೆ ಹೊರಟುಬಿಡುತ್ತವೆ. ಎಲ್ಲಾನೂ ಸಾಲ್ಮನ್ನೇ, ಆದರೂ ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಬೇಡ. ಈ ಮಾತಿಗೆ ಆಮೇಲೆ ಬರ್ತೀನಿ.

ನೀವು ಮಾಡಿದ ತಪ್ಪನ್ನೇ ಇವರೂ ಮಾಡಿದ್ದರು, ಅದೂ ಭಾರೀ ಪ್ರಮಾಣದಲ್ಲಿ. ಹಿಂದೆ ಕಡಿದ ಮರ ಸಾಗಿಸೋಕೆ ಹಳ್ಳಕ್ಕೆ ತಾತ್ಕಾಲಿಕ ಕಟ್ಟೆ ಕಟ್ಟಿ, ನೀರು ತುಂಬಿದ ಮೇಲೆ ಒಮ್ಮೆಲೇ ಬಿಡ್ತಿದ್ದರು. ಆ ರಭಸಕ್ಕೆ ಗರಸೆಲ್ಲ ಕೊಚ್ಚಿ ಹೋಗಿ ಎಷ್ಟೋ ಕಡೆ ಬರೀ ಬಂಡೆ ಉಳೀತು. ಆಮೇಲೆ 1950ರಿಂದ 70ರ ದಶಕದವರೆಗೆ, ಹಳ್ಳದಲ್ಲಿ ಬಿದ್ದ ಮರ ಮೀನಿಗೆ ಅಡ್ಡಿ ಅಂತ ತಿಳಿದು, ಮೀನಿನ ಒಳ್ಳೇದಕ್ಕೇ ಅಂತ ದಿಮ್ಮಿಗಳನ್ನೆಲ್ಲ ಎತ್ತಿ ಹಾಕಿದರು. ಮೀನಿನ ಬಗ್ಗೆ ಪ್ರೀತಿ ಇದ್ದ ಜನರೇ ಅದನ್ನು ಮಾಡಿದ್ದು. ನಂತರ ಗೊತ್ತಾಯ್ತು ಮರಿಗಳ ಮನೆಯೇ ಹೋಯ್ತು ಅಂತ. ಆದ್ದರಿಂದ ನೀವು ಒಪ್ಪಿಗೆ ಕೊಟ್ಟಿರಿ ಅಂತ ಕೊರಗಬೇಡಿ.

ದಿಮ್ಮಿ ಏನು ಮಾಡುತ್ತೆ ಅಂತ ಕಣ್ಣಾರೆ ಕಂಡಿದ್ದೇನೆ. ಒಂದು ಜೂನ್ ತಿಂಗಳಲ್ಲಿ ಬಿದ್ದ ಮರದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ಕೆಳಗೆ ನೋಡ್ತಿದ್ದೆ. ಆ ಕಡೆ ನೀರು ಜೋರಾಗಿ ಹೋಗ್ತಿದೆ, ದಿಮ್ಮಿಯ ಈ ಕಡೆ ನೀರು ಹೆಚ್ಚು ಕಡಿಮೆ ನಿಂತೇ ಇದೆ. ಎರಡರ ನಡುವೆ ಒಂದು ಗೆರೆ ಎಳೆದ ಹಾಗೆ. ಆ ಗೆರೆ ಪಕ್ಕ ಬೆರಳುದ್ದದ ಮರಿಗಳು, ಪಕ್ಕೆಗೆ ಕಪ್ಪು ಪಟ್ಟೆ, ಒಂದರ ಹಿಂದೆ ಒಂದು ಮುಖ ಮೇಲಕ್ಕೆ ಮಾಡಿ ನಿಂತಿದ್ದವು. ಜೋರು ನೀರಲ್ಲಿ ಹುಳ ತೇಲಿ ಬಂದರೆ ಚಕ್ಕನೆ ಹೋಗಿ ಹಿಡಿದು ಮತ್ತೆ ನಿಂತ ನೀರಿಗೆ ವಾಪಸ್. ನಿಂತ ನೀರಲ್ಲಿ ದಣಿವಿಲ್ಲ, ಓಡುವ ನೀರಲ್ಲಿ ಊಟ. ನೇರ ಮಾಡಿದ ಹಳ್ಳದಲ್ಲಿ ಆ ಗೆರೆಯೇ ಇರೋದಿಲ್ಲ. ಮರಿ ಇಡೀ ದಿನ ಈಜಿ ಈಜಿಯೇ ಸೋಲುತ್ತೆ, ದೊಡ್ಡ ಪ್ರವಾಹ ಬಂದರೆ ಕೊಚ್ಚಿ ಹೋಗುತ್ತೆ.

ಕೆಲಸ ಮಾಡುತ್ತಾ ಅಂತ ಕೇಳಿದಿರಿ. ಕೆಲವು ಕಡೆ ಚೆನ್ನಾಗಿ ಮಾಡಿದೆ. ಒರೆಗಾನ್ ರಾಜ್ಯದ ಬ್ರಿಜ್ ಕ್ರೀಕ್ ಅನ್ನೋ ಹಳ್ಳದಲ್ಲಿ ಗೂಟ ಹೊಡೆದು ಅದಕ್ಕೆ ಹಸಿ ಕೊಂಬೆ ಹೆಣೆದು ಸಣ್ಣ ಸಣ್ಣ ಒಡ್ಡು ಮಾಡಿದರು, ಬೀವರ್ ಅನ್ನೋ ಪ್ರಾಣಿ ಕಟ್ಟುವ ಹಾಗೆಯೇ. ಬೀವರ್‌ಗಳೂ ಬಂದು ಅದರ ಮೇಲೆ ತಮ್ಮ ಕೆಲಸ ಸೇರಿಸಿದವು. ಸಾಲ್ಮನ್ ಬಳಗದ ಸ್ಟೀಲ್‌ಹೆಡ್ ಮರಿಗಳು ಬದುಕುಳಿಯುವ ಪ್ರಮಾಣ ಶೇ. 52ರಷ್ಟು ಏರಿತು ಅಂತ 2016ರಲ್ಲಿ ಪ್ರಕಟಿಸಿದರು. ದೊಡ್ಡ ಕೆಲಸ ಅಂದರೆ ನಾನಿರುವ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿ. 1913 ಮತ್ತು 1927ರ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ಒಳಗೆ ಒಡೆದು ತೆಗೆದರು, ನದಿಯ ಕೆಳಭಾಗದಲ್ಲಿ ಅಲ್ಲಿಯ ಮೂಲನಿವಾಸಿ ಕ್ಲಾಲಂ ಜನ ದಿಮ್ಮಿಗಳ ಒಡ್ಡು ಕಟ್ಟಿದರು. ಒರೆಗಾನ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹರಿಯುವ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟು 2023 ಮತ್ತು 2024ರಲ್ಲಿ ಹೋದವು, 2024ರ ಅಕ್ಟೋಬರ್‌ನಲ್ಲೇ ಸಾಲ್ಮನ್ ಮೇಲಕ್ಕೆ ಹತ್ತಿ ಬಂದವು. ದಾರಿ ಬಿಟ್ಟರೆ ಮೀನು ಕಾಯೋದಿಲ್ಲ.

ಕೆಲಸ ಮಾಡದ ಕಡೆಯೂ ಇದೆ. ಸಿಯಾಟಲ್ ಸುತ್ತಲಿನ ಹಳ್ಳಗಳನ್ನು ಚೆಂದ ಮಾಡಿದರು, ಆದರೂ ಮಳೆ ಬಂದಾಗ ಕೋಹೊ ಮೀನುಗಳು ಮೊಟ್ಟೆ ಇಡುವ ಮೊದಲೇ ಒದ್ದಾಡಿ ಸಾಯ್ತಿದ್ದವು. ಕಾರಣ ಕಂಡದ್ದು 2020ರ ಕೊನೆಗೆ: ವಾಹನದ ಟೈರ್ ಸವೆದು ರಸ್ತೆಯಿಂದ ತೊಳೆದು ಬರುವ ಒಂದು ರಾಸಾಯನಿಕ. ಮನೆ ಎಷ್ಟು ಚೆಂದ ಕಟ್ಟಿದರೂ ನೀರಲ್ಲಿ ವಿಷ ಇದ್ದರೆ ಮುಗೀತು.

ಈಗ ನಿಮ್ಮ ಹಳ್ಳ. ಸಾಲ್ಮನ್ ಔಷಧಿ ಚೀಟಿ ತಂದು ಕೊರಮೀನಿಗೆ ಕೊಡೋಕಾಗಲ್ಲ. ಆದರೆ ಇಲ್ಲಿಯವರು ಮೊದಲು ಕೇಳುವ ಪ್ರಶ್ನೆ ನೀವೂ ಕೇಳಿ: ಮರಿಗಳು ಯಾವ ತಿಂಗಳಲ್ಲಿ ಸಾಯ್ತಿವೆ? ಒರೆಗಾನ್ ಕರಾವಳಿಯ ಎಷ್ಟೋ ಹಳ್ಳಗಳಲ್ಲಿ ಕೋಹೊ ಮರಿಗೆ ಕಷ್ಟ ಚಳಿಗಾಲದ ಪ್ರವಾಹದಲ್ಲಿ, ಅದಕ್ಕೇ ಪಕ್ಕದ ನಿಂತ ನೀರು, ಕವಲು ಕಾಲುವೆ ಮಾಡ್ತಾರೆ. ಇನ್ನು ಕೆಲವು ಕಡೆ ಬೇಸಿಗೆ ಬಿಸಿಯೇ ಕಷ್ಟ, ಅಲ್ಲಿ ನೆರಳು ಮತ್ತು ತಣ್ಣನೆ ಸೆಲೆ ಮುಖ್ಯ. ತಿಂಗಳು ಗೊತ್ತಾಗದೆ ಕೆಲಸ ಶುರು ಮಾಡಿದರೆ ಶ್ರಮ ನೀರಿಗೆ ಹಾಕಿದ ಹಾಗೆ. ನಮ್ಮ ಕಡೆ ಬಹುಶಃ ಏಪ್ರಿಲ್, ಮೇ ಅಂತ ನನ್ನ ಊಹೆ, ಆದರೆ ಊರಲ್ಲಿ ಮೀನು ಹಿಡಿಯೋರನ್ನು ಕೇಳಿ.


ಭೀಮಾಬಲೆ (ಯಾದಗಿರಿ)

ಮೇಲಿನ ಅಣ್ಣ ಚೆನ್ನಾಗಿ ಹೇಳಿದ್ದಾರೆ. ನಮ್ಮದು ತಲೆತಲಾಂತರದಿಂದ ಭೀಮೆಯಲ್ಲಿ ಬಲೆ ಹಾಕುವ ಮನೆ. ನನಗೆ ಗೊತ್ತಿರೋದು ಹೇಳ್ತೀನಿ.

ಒಂದೇ ತಿಂಗಳು ಅಲ್ಲ, ಮೀನು ಮೀನಿಗೆ ಬೇರೆ. ರೋಹು, ಕಾಟ್ಲಾ, ಇನ್ನೂ ಬೆಳ್ಳಿ ಮೀನುಗಳು ಹೊಸ ನೀರು ಬಂದ ಕೂಡಲೇ ಎದುರು ಈಜಿ ಮೇಲೆ ಹತ್ತುತ್ತವೆ. ಕೆಂಪು ನೀರಿನ ವಾಸನೆ ಬಡಿದರೆ ಅವಕ್ಕೆ ತಡೆಯೋದಿಲ್ಲ. ದಂಡೆ ಮೀರಿ ಹರಡಿದ ತೆಳು ನೀರಲ್ಲಿ ಮೊಟ್ಟೆ ಬಿಡುತ್ತವೆ. ಅವಕ್ಕೆ ಬೇಕಾದ್ದು ದಾರಿ. ಈಗ ಭೀಮೆಗೆ, ಕಾಗಿಣಾಕ್ಕೆ ಎಲ್ಲಿ ನೋಡಿದರೂ ಬ್ರಿಜ್ ಕಂ ಬ್ಯಾರೇಜ್, ಅಂದರೆ ಸೇತುವೆ ಕೆಳಗೇ ಗೇಟ್ ಹಾಕಿ ನೀರು ನಿಲ್ಲಿಸುವ ಕಟ್ಟೆ. ಗೇಟ್ ಎತ್ತಿದಾಗ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಕೆಳಗೇ ಗುಂಪು ನಿಂತು ಬಲೆಗೆ ಬೀಳುತ್ತೆ. ಅದು ನಿಮ್ಮ ಆರೇಳು ಜನರ ಕೈಲಿ ಆಗುವ ಕೆಲಸ ಅಲ್ಲ, ಸದ್ಯಕ್ಕೆ ಬಿಡಿ. ಆದರೆ ನಿಮ್ಮ ಹಳ್ಳ ಕಾಗಿಣಾಕ್ಕೆ ಸೇರೋವರೆಗೂ ಒಮ್ಮೆ ನಡೆದು ನೋಡಿ. ಹೊಲದ ದಾರಿಗೆ ಪೈಪ್ ಹಾಕಿ ಮೇಲೆ ಕಾಂಕ್ರೀಟ್ ಹಾಕಿರ್ತಾರಲ್ಲ, ಆ ಪೈಪಿನ ಬಾಯಿ ಕೆಳಗಿನ ನೀರಿಗಿಂತ ಎರಡು ಅಡಿ ಮೇಲೆ ಇದ್ದರೆ ಸಣ್ಣ ಮೀನು ಅಲ್ಲಿಗೇ ನಿಂತು ಬಿಡುತ್ತೆ.

ಕೊರಮೀನು ಬೇರೆ ಥರ. ಅದು ಮೇಲೆ ಬಂದು ಗಾಳಿ ಕುಡಿಯುವ ಮೀನು, ಕೆಸರಲ್ಲೂ ದಿನ ನೂಕುತ್ತೆ. ದಂಡೆ ಪಕ್ಕ ಹುಲ್ಲು, ಆಪು ಬೆಳೆದ ತೆಳು ನೀರಲ್ಲಿ ಜಾಗ ಮಾಡಿ ಮೊಟ್ಟೆ ಇಡುತ್ತೆ, ತಂದೆ ತಾಯಿ ಕಾಯುತ್ತವೆ. ನೀವು ಹೇಳಿದ ಕೆಂಪು ಹಿಂಡು ಅದೇ. ಆ ದಿನಗಳಲ್ಲಿ ತಾಯಿ ಸಿಟ್ಟಿನಲ್ಲಿ ಇರುತ್ತೆ, ಹತ್ತಿರ ಏನು ಬಂದರೂ ಬಾಯಿ ಹಾಕುತ್ತೆ. ಗಾಳ ಹಾಕೋರಿಗೆ ಇದು ಗೊತ್ತು. ಹಿಂಡು ಕಂಡ ಕಡೆ ಕಪ್ಪೆ ಕಟ್ಟಿ ಗಾಳ ಬಿಟ್ಟರೆ ಐದು ನಿಮಿಷಕ್ಕೆ ತಾಯಿ ಮೇಲೆ. ಆಮೇಲೆ ಮರಿಗಳ ಗತಿ? ಸಂಜೆ ಒಳಗೆ ಬೇರೆ ಮೀನು, ಕೊಕ್ಕರೆ ತಿಂದು ಮುಗಿಸುತ್ತವೆ. ನಮ್ಮ ತಂದೆ ಹಿಂಡು ಕಂಡರೆ ಆ ಕಡೆ ಬಲೆ ಬೀಸುತ್ತಿರಲಿಲ್ಲ. ಬಾಣಂತಿ ಮನೆಗೆ ಕೈ ಹಾಕಬಾರದು ಅಂತಿದ್ದರು. ನಿಮ್ಮೂರಲ್ಲಿ ಇದೊಂದು ಮಾತು ಎಲ್ಲರೂ ಒಪ್ಪಿದರೆ ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಕೆಲಸ ಆದ ಹಾಗೆ.

ಇನ್ನು ಬೇಸಿಗೆ. ಬಿಸಿಲಿಗಿಂತ ಮೊದಲು ಮೋಟಾರ್ ನೋಡಿ. ಮಾರ್ಚಿನಲ್ಲಿ ಮಡುಗೆ ಪೈಪ್ ಬಿಟ್ಟು ಎಳೀತಾರೆ, ಹದಿನೈದು ದಿನಕ್ಕೆ ತಳ ಕಾಣುತ್ತೆ. ಉಳಿದ ಗೇಣು ನೀರಲ್ಲಿ ಹುಡುಗರು ಸೊಳ್ಳೆ ಪರದೆ ಎಳೆದು ಚಿಳ್ಳೆ ಮರಿಯನ್ನೂ ಬಿಡದೆ ಬಾಚುತ್ತಾರೆ. ಕೆಲವರು ಬ್ಲೀಚಿಂಗ್ ಪುಡಿ ಹಾಕ್ತಾರೆ, ನೋಡಿದರೆ ಕರುಳು ಚುರುಕ್ ಅನ್ನುತ್ತೆ. ಬೀಜದ ಮೀನು ಅಂತ ಹತ್ತು ಜೋಡಿ ಉಳಿಯದಿದ್ದರೆ ಮುಂದಿನ ಮಳೆಗಾಲಕ್ಕೆ ಎಲ್ಲಿಂದ ಬರಬೇಕು?

ಇನ್ನೊಂದು. ಯಾರಾದರೂ ಮೀನಿಲ್ಲ ಅಂತ ಮರಿ ತಂದು ಬಿಡೋಣ ಅಂದರೆ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಒಳಗೆ ಬಿಡಬೇಡಿ. ಬಂದರೆ ಹೋಗೋದಿಲ್ಲ.


ಕಾಗಿಣಾದಂಡೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಾಣಂತಿ ಮನೆ ಅನ್ನೋ ಮಾತು ಓದಿ ನಮ್ಮ ಗುಂಪಿಗೆಲ್ಲ ಕಳಿಸಿದೆ. ಈ ಭಾನುವಾರ ಕಾಗಿಣಾವರೆಗೂ ನಡೆದು ಬಂದೆವು. ಎರಡು ಪೈಪ್ ದಾರಿ ಇವೆ. ಒಂದು ಪರವಾಗಿಲ್ಲ, ಇನ್ನೊಂದರಲ್ಲಿ ನೀರು ಸೊಂಟದ ಎತ್ತರದಿಂದ ಕೆಳಗೆ ಬೀಳುತ್ತೆ. ಇಷ್ಟು ವರ್ಷ ಅದರ ಮೇಲೆ ಬೈಕ್ ಓಡಿಸಿದ್ದೀನಿ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಈಗ ಪ್ರಶ್ನೆ. ಊರಲ್ಲಿ ಬೇವು, ಜಾಲಿ ದಿಮ್ಮಿ ಸಿಗುತ್ತವೆ. ಹಾಕೋಣ ಅಂದರೆ ಹಿರಿಯರು ಬೇಡ ಅಂತಾರೆ. ಪ್ರವಾಹಕ್ಕೆ ತೇಲಿ ಹೋಗಿ ಸೇತುವೆಗೆ ಸಿಕ್ಕಿಕೊಂಡರೆ ಹೊಲಕ್ಕೆ ನೀರು ನುಗ್ಗುತ್ತೆ ಅಂತ ಭಯ. ಅವರ ಮಾತೂ ಸುಳ್ಳಲ್ಲ. ಹಳ್ಳ ಸುಮಾರು ಎಂಟು ಮೀಟರ್ ಅಗಲ ಇದೆ.


ಕಲ್ಲುಒಡ್ಡು (ಚಿಂಚೋಳಿ)

ಹಿರಿಯರ ಮಾತು ಕೇಳಿ. ನಾನು ಜಲಾನಯನ ಕೆಲಸದಲ್ಲಿ ಬಹಳ ವರ್ಷ ಇದ್ದವನು, ಚೆಕ್ ಡ್ಯಾಂ, ಕಲ್ಲು ಒಡ್ಡು, ಬದು ಹಾಕಿಸಿದ್ದೇನೆ. ಒರೆಗಾನ್ ಕಡೆ ದಿಮ್ಮಿ ತಾನಾಗಿ ನಿಲ್ಲಬೇಕಾದರೆ ಅದರ ಉದ್ದ ಹಳ್ಳದ ಅಗಲದ ಎರಡು ಪಟ್ಟು ಇರಬೇಕು ಅಂತ ಲೆಕ್ಕ, ಬೇರು ಸಮೇತ ಇದ್ದರೆ ಒಂದೂವರೆ ಪಟ್ಟು. ನಿಮ್ಮ ಎಂಟು ಮೀಟರ್ ಹಳ್ಳಕ್ಕೆ ಹನ್ನೆರಡರಿಂದ ಹದಿನಾರು ಮೀಟರ್ ಉದ್ದದ ಮರ. ನಮ್ಮ ಸೀಮೆಯ ಜಾಲಿಯಲ್ಲಿ ಅದು ಎಲ್ಲಿ ಬರಬೇಕು? ಆರು ಅಡಿ ತುಂಡು ಹಾಕಿದರೆ ಮೊದಲ ಮಳೆಗೇ ಸೇತುವೆ ಬಾಯಲ್ಲಿ ಇರುತ್ತೆ.

ಹಾಗಾಗಿ ಸತ್ತ ಮರ ಬಿಡಿ, ಜೀವಂತ ಮರ ಬೆಳೆಸಿ. ದಂಡೆಯ ಬುಡಕ್ಕೆ ಲಕ್ಕಿ ಕಡ್ಡಿ ಒತ್ತೊತ್ತಾಗಿ ನೆಡಿ, ಮಳೆ ಶುರುವಾದಾಗ ಚುಚ್ಚಿದರೆ ಚಿಗುರುತ್ತೆ. ದನ ಅಷ್ಟಾಗಿ ತಿನ್ನೋದಿಲ್ಲ. ಅದರ ಮೇಲಿನ ಸಾಲಿಗೆ ಹೊಂಗೆ, ಅತ್ತಿ, ನೇರಳೆ, ಹೊಳೆಮತ್ತಿ. ಬೇರು ನೀರಿಗೆ ಇಳಿಯೋಕೆ ವರ್ಷಗಳು ಬೇಕು, ಅದಕ್ಕೇ ಇದನ್ನು ಮೊದಲು ಮಾಡಿ. ಕರಿಮಣ್ಣಿನ ದಂಡೆ ಅಗೆದು ಏನನ್ನೂ ಹೂಳಬೇಡಿ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಮಳೆಗೆ ಆ ಬಿರುಕಿನಲ್ಲೇ ನೀರು ಇಳಿದು ದಂಡೆ ಸಮೇತ ಜಾರುತ್ತೆ.

ನೀರಿನ ಒಳಗೆ ಕಲ್ಲು ಹಾಕಬಹುದು. ನಿಮ್ಮ ಕಡೆ ಶಹಾಬಾದ್ ಫರ್ಸಿ ಚೂರು ರಾಶಿ ಬಿದ್ದಿರುತ್ತೆ, ಬಿಟ್ಟಿ ಸಿಗುತ್ತೆ ಅಂತ ಅದನ್ನು ಹಾಕಬೇಡಿ. ಚಪ್ಪಟೆ, ನುಣುಪು, ಒಂದರ ಮೇಲೊಂದು ಜಾರಿ ಹೋಗುತ್ತೆ. ಇಬ್ಬರು ಸೇರಿ ಉರುಳಿಸುವಂಥ ಒರಟು ಗುಂಡು ಬೇಕು. ಮೂರು ನಾಲ್ಕು ಗುಂಡು ಒಟ್ಟಿಗೆ, ಹಳ್ಳದ ಮೂರನೇ ಒಂದು ಭಾಗ ಮಾತ್ರ ತಡೆಯುವ ಹಾಗೆ, ಒಮ್ಮೆ ಎಡದಂಡೆ ಒಮ್ಮೆ ಬಲದಂಡೆ. ನೀರು ಹಾವಿನಂತೆ ತಿರುಗೋಕೆ ಶುರು ಮಾಡುತ್ತೆ, ಕಲ್ಲಿನ ಮುಂದೆ ತಾನೇ ಗುಂಡಿ ಕೊರೆಯುತ್ತೆ. ಬೀದರಿನವರು ಹೇಳಿದ ಓಡುವ ನೀರು, ನಿಂತ ನೀರಿನ ಗೆರೆ ಅಲ್ಲೇ ಹುಟ್ಟುತ್ತೆ. ಎತ್ತರದ ಪೈಪಿಗೂ ಕಲ್ಲೇ ಮದ್ದು. ಕೆಳಗೆ ಮೆಟ್ಟಿಲಲ್ಲ, ಇಳಿಜಾರು ಮಾಡಿ, ಗೇಣು ಗೇಣು ಏರುವಂತೆ. ನಾನು ಹಾಕಿಸಿದ ಚೆಕ್ ಡ್ಯಾಂಗಳಿಗೆ ಈ ಇಳಿಜಾರು ಇಡಬೇಕು ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ. ಈಗ ಅವುಗಳ ಮುಂದೆ ಹೋದಾಗಲೆಲ್ಲ ಸಂಕಟ ಆಗುತ್ತೆ.

ಕಲ್ಲು ಮುಟ್ಟುವ ಮೊದಲು ಪಂಚಾಯಿತಿಗೆ ಬರೆದು ಕೊಡಿ, ಸಣ್ಣ ನೀರಾವರಿಯವರನ್ನೂ ಕೇಳಿ. ಹಳ್ಳ ಸರ್ಕಾರದ ಜಾಗ.


ಶಾಲೆಗಂಟೆ (ಕಲಬುರಗಿ)

ಒಂದೇ ವಿಷಯ ಸೇರಿಸ್ತೀನಿ. ತೊಗರಿಗೆ ಕಾಯಿಕೊರಕ ಬಂದಾಗ ಔಷಧಿ ಹೊಡೆದು ಪಂಪನ್ನು ತೊಳೆಯೋದು ಎಲ್ಲಿ? ನಮ್ಮ ಮಾವನವರ ಊರಲ್ಲಿ ಎಲ್ಲರೂ ಹಳ್ಳದಲ್ಲೇ. ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಮೀನಿಗೆ ಕಡು ವಿಷ, ಚೂರೇ ಸಾಕು. ಆ ಹೊತ್ತಿಗೆ ಹರಿವು ಕಡಿಮೆ ಆಗಿ ಮಡುವಿನ ನೀರು ನಿಂತಿರುತ್ತೆ, ವಿಷ ಎಲ್ಲಿಗೂ ಹೋಗೋದಿಲ್ಲ. ಟೈರ್ ವಿಷಯ ಓದಿದಾಗ ನನಗೆ ಇದೇ ನೆನಪಾಯ್ತು. ಹೊಲದ ಬದಿಗೆ ಒಂದು ಡ್ರಮ್ ನೀರು ಇಟ್ಟು ಅಲ್ಲೇ ತೊಳೆದು ಆ ನೀರನ್ನು ಬೆಳೆಗೇ ಹೊಡೆಯೋದಕ್ಕೆ ಹೇಳಿ. ಹಳ್ಳದ ಪಕ್ಕದ ನಾಲ್ಕು ಸಾಲು ತೊಗರಿ ಬಿಟ್ಟು ಅಲ್ಲಿ ಹುಲ್ಲು ಬಿಟ್ಟರೆ ಮಣ್ಣೂ ನಿಲ್ಲುತ್ತೆ, ಮೇವೂ ಆಗುತ್ತೆ. ಗಂಡಸರ ಸಭೆಯಲ್ಲಿ ಮಾತ್ರ ಹೇಳಬೇಡಿ ತಮ್ಮಾ, ಬಟ್ಟೆ ಒಗೆಯಲು ಬರುವ ಹೆಣ್ಮಕ್ಕಳಿಗೆ ಹೇಳಿ. ದಿನಾ ಹಳ್ಳ ನೋಡೋರು ಅವರೇ.


ಬೀದರಿನಿಂದ_ದೂರ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಬೇಸಿಗೆ ಬಗ್ಗೆ ಇನ್ನೊಂದು ಮಾತು. ನೀರು ಬಿಸಿ ಆದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 10 ಡಿಗ್ರಿ ನೀರಿನ ಒಂದು ಲೀಟರಿನಲ್ಲಿ ಹೆಚ್ಚೆಂದರೆ 11 ಮಿಲಿಗ್ರಾಂ ಹಿಡಿಯುತ್ತೆ, 30 ಡಿಗ್ರಿಗೆ ಏಳೂವರೆ ಅಷ್ಟೇ. ಕೊರಮೀನು ಗಾಳಿ ಕುಡಿದು ಬದುಕೀತು, ಬೆಳ್ಳಿ ಮೀನಿಗೆ ಅದಾಗಲ್ಲ. ಅದಕ್ಕೆ ಉಳಿದ ಎರಡು ಮಡುಗಳ ದಕ್ಷಿಣ, ಪಶ್ಚಿಮ ದಂಡೆಗೆ ಮೊದಲು ಗಿಡ ಹಾಕಿ. ಮಧ್ಯಾಹ್ನದ ಮೇಲಿನ ಬಿಸಿಲು ತಪ್ಪಿದರೂ ದೊಡ್ಡದು. ಬೇಸಿಗೆಯಲ್ಲಿ ಮಧ್ಯಾಹ್ನ ಕಾಲಿಟ್ಟು ನೋಡಿ, ಒಂದು ಕಡೆ ತಣ್ಣಗೆ ಅನ್ನಿಸಿದರೆ ಅಥವಾ ಒಣ ಉಸುಕಿನ ನಡುವೆ ಹಸಿರು ಹುಲ್ಲಿದ್ದರೆ ಅಲ್ಲಿ ಸೆಲೆ ಇರಬಹುದು. ಆ ಜಾಗದ ಉಸುಕು ಯಾರಿಗೂ ಮುಟ್ಟೋಕೆ ಬಿಡಬೇಡಿ.


ಕಾಗಿಣಾದಂಡೆ

ನಿನ್ನೆ ರಾತ್ರಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತು ಮಾತಾಡಿದೆವು. ಹೆಣ್ಮಕ್ಕಳೂ ಬಂದಿದ್ದರು. ಅಗಸರ ಮಡುಗೆ ಮೋಟಾರ್ ಇಟ್ಟಿರೋರು ಇಬ್ಬರು. ಒಬ್ಬರು ಆಗಲ್ಲ ಅಂದರು, ಅವರಿಗೂ ಕಬ್ಬು ಇದೆ, ಒಣಗಿಸು ಅಂತ ಹೇಳೋಕೆ ನನಗೂ ಬಾಯಿ ಬರಲಿಲ್ಲ. ಇನ್ನೊಬ್ಬರು ಎಮ್ಮೆ ಕುಡಿಯುವಷ್ಟು ನೀರು ಉಳಿದಾಗ ನಿಲ್ಲಿಸ್ತೀನಿ ಅಂತ ಒಪ್ಪಿದರು. ಎಷ್ಟು ಅಂದರೆ ಎಷ್ಟು ಅಂತ ಜಗಳ ಆಗಬಾರದು ಅಂತ ಬಿದಿರ ಗಳಕ್ಕೆ ಎದೆಮಟ್ಟದಲ್ಲಿ ಕೆಂಪು ಬಣ್ಣ ಬಳಿದು ಇವತ್ತು ಬೆಳಗ್ಗೆ ಅಗಸರ ಮಡುವಿನ ನಡುವೆ ನೆಟ್ಟು ಬಂದೆವು. ಅಕ್ಕನ ಮಗ ಒಂದು ಹಾಳೆಯಲ್ಲಿ ಪ್ರತಿ ಭಾನುವಾರ ನೀರು ಎಲ್ಲಿಗೆ ಬಂತು ಅಂತ ಬರೆಯುತ್ತಾನೆ. ಲಕ್ಕಿ ಕಡ್ಡಿ ಮಳೆ ಬಿದ್ದ ಮೇಲೆ. ಕಲ್ಲಿಗೆ ಪಂಚಾಯಿತಿಗೆ ಅರ್ಜಿ ಬರೆದಿದ್ದೀನಿ, ನಾಳೆ ಕೊಡ್ತೀನಿ.

ಮಳೆಗಾಲದಲ್ಲಿ ಕೆಂಪು ಹಿಂಡು ಕಂಡರೆ ಇಲ್ಲೇ ಬಂದು ಹೇಳ್ತೀನಿ. ಕಾಣದಿದ್ದರೂ ಹೇಳ್ತೀನಿ.